ಮುಖ್ಯ ಗುರುಗಳ ಟಪಾಲು: ಮಕ್ಕಳ ಮನಸ್ಸಿಗೂ ವೇಳಾಪಟ್ಟಿಯಲ್ಲಿ ಜಾಗ ಕೊಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಿಂದ ಬಂದಿವೆ. ಊರು, ಶಾಲೆ, ಮಗುವಿನ ಗುರುತು ಸಿಗದಂತೆ ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಹಿರಿಯ ಪ್ರಾಥಮಿಕ ಶಾಲೆ. 142 ಮಕ್ಕಳು, ನನ್ನನ್ನೂ ಸೇರಿಸಿ ಐದು ಜನ ಶಿಕ್ಷಕರು. ತರಬೇತಿಗೆ ಹೋದಾಗಲೆಲ್ಲ ‘ಮಕ್ಕಳ ಸಾಮಾಜಿಕ, ಭಾವನಾತ್ಮಕ ಅಗತ್ಯ ಗಮನಿಸಿ’ ಅಂತಾರೆ. ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ತುಂಬಬೇಕು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ ಬರೀಬೇಕು. ಆಪ್ತಸಮಾಲೋಚಕರು ಇಲ್ಲ. ಎಲ್ಲಿಂದ ಶುರು ಮಾಡಲಿ?
— ಮುಖ್ಯ ಶಿಕ್ಷಕರು, ಜಗಳೂರು ತಾಲ್ಲೂಕು

ಹೊಸ ಕಾರ್ಯಕ್ರಮ, ಹೊಸ ರಿಜಿಸ್ಟರು ಯಾವುದೂ ಬೇಡ. ನೀವು ಆಪ್ತಸಮಾಲೋಚಕರಾಗಬೇಕಾದ್ದೂ ಇಲ್ಲ. ಶಾಲೆಯ ಪ್ರತಿ ಮಗುವನ್ನೂ ಗಮನಿಸುವ ಒಬ್ಬ ದೊಡ್ಡವರು ಇದ್ದಾರೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಅದಕ್ಕೆ ಒಂದು ಶನಿವಾರ ಸಾಕು.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಮುಕ್ಕಾಲು ಗಂಟೆ ಕೂರಿ. 142 ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಅಂಕ, ಹಾಜರಿ ಬಿಟ್ಟು ಆ ಮಗುವಿನ ಬಗ್ಗೆ ಬೇರೇನಾದರೂ ಒಂದು ವಿಷಯ ಗೊತ್ತಿದ್ದರೆ ಮಾತ್ರ ಪ್ರತಿ ಶಿಕ್ಷಕರು ಆ ಹೆಸರಿನ ಮುಂದೆ ಗೆರೆ ಎಳೆಯಲಿ: ಮನೆಯಲ್ಲಿ ಯಾರಿದ್ದಾರೆ, ಯಾವ ಆಟ ಇಷ್ಟ, ಯಾರ ಜೊತೆ ಜಗಳ. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಹಾಕಬಾರದು. ಜಾಣರ ಮುಂದೆ ಐದು ಗೆರೆ, ತುಂಟರ ಮುಂದೂ ಐದು ಗೆರೆ ಬೀಳುತ್ತವೆ. ನಡುವೆ ಸುಮ್ಮನೆ ಕೂತು ಸುಮ್ಮನೆ ಮನೆಗೆ ಹೋಗುವ ಕೆಲವು ಹೆಸರುಗಳ ಮುಂದೆ ಒಂದೂ ಗೆರೆ ಇರುವುದಿಲ್ಲ. ನಿಮ್ಮ ಕೆಲಸ ಆ ಹೆಸರುಗಳಿಂದ ಶುರುವಾಗುತ್ತದೆ. ಅಡುಗೆಯವರನ್ನೂ ಕರೆದು ಕೂರಿಸಿಕೊಳ್ಳಿ. ಸೋಮವಾರ ಯಾವ ಮಗು ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ.

ಆ ಹೆಸರುಗಳನ್ನು ಹಂಚಿಕೊಳ್ಳಿ, ಒಬ್ಬರಿಗೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಹತ್ತು ಶಾಲಾ ದಿನ, ದಿನಕ್ಕೆ ಎರಡು ನಿಮಿಷ ಆ ಮಗುವಿನೊಂದಿಗೆ ಓದು ಬರಹ ಬಿಟ್ಟು ಬೇರೆ ಮಾತಾಡಬೇಕು. ಕರುವಿನ ಬಗ್ಗೆ, ಊರ ತೇರಿನ ಬಗ್ಗೆ, ಕ್ರಿಕೆಟ್ ಬಗ್ಗೆ. ಇದು ಕೆಡುವುದು ಮೂರು ಕಡೆ. ಮೊದಲನೆಯದು, ಎಲ್ಲರೆದುರು ‘ಯಾಕೋ ಸಪ್ಪಗಿದ್ದೀಯ?’ ಎಂದು ಕೇಳುವುದು. ಮಗು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತದೆ. ಎರಡನೆಯದು, ನಾಲ್ಕು ದಿನ ಮಾತಾಡಿಸಿ ಬಿಟ್ಟುಬಿಡುವುದು. ಅದಕ್ಕಿಂತ ಶುರು ಮಾಡದಿರುವುದೇ ಮೇಲು. ಮೂರನೆಯದು, ಆ ಹಾಳೆಯ ಫೋಟೋ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೋಗುವುದು. ಪಟ್ಟಿ ಬೀರುವಿನಲ್ಲಿರಲಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ.

ಮುಂದಿನ ಮೆಟ್ಟಿಲು ಹಾಜರಿ ಪುಸ್ತಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಅದರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ 22 ದಿನ ತಪ್ಪಿಸಿದ ಮಗು ಓದಿನಲ್ಲೂ ಗೆಳೆತನದಲ್ಲೂ ಹಿಂದೆ ಬೀಳುತ್ತದೆ. ತಿಂಗಳಿಗೆ ಎರಡು ಮೂರು ದಿನ ತಪ್ಪಿದರೆ ಸಾಕು, ವರ್ಷದ ಕೊನೆಗೆ ಅಷ್ಟಾಗುತ್ತದೆ. ಶುಕ್ರವಾರ ಹತ್ತು ನಿಮಿಷ ಪುಸ್ತಕ ತೆರೆದು ಎಷ್ಟು ದಿನ ಎನ್ನುವುದರ ಜೊತೆಗೆ ಯಾವ ದಿನ ಎಂದೂ ನೋಡಿ. ಪ್ರತಿ ಸಂತೆ ದಿನ ತಪ್ಪಿಸುವ ಹುಡುಗಿ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರಬಹುದು. ಕಿರುಪರೀಕ್ಷೆಯ ದಿನ ಮಾತ್ರ ಬಾರದವನ ಕಷ್ಟ ಬೇರೆ. ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ಯಾರಿಗೂ ತಾಗುವುದಿಲ್ಲ.

ತರಗತಿಯಲ್ಲಿ ಮಾಡಬಹುದಾದ್ದೂ ಒಂದಿದೆ. ಹಾಜರಿ ಕರೆದ ಮೇಲೆ ಮಕ್ಕಳು ಎದೆಯ ಹತ್ತಿರ ಕೈಯಿಟ್ಟು ಒಂದರಿಂದ ಐದರವರೆಗೆ ಬೆರಳು ತೋರಿಸಲಿ. ಒಂದು ಅಂದರೆ ಮನಸ್ಸು ಸರಿಯಿಲ್ಲ, ಐದು ಅಂದರೆ ಚೆನ್ನಾಗಿದೆ. ಒಂದರಿಂದ ಮೂರನೇ ತರಗತಿಯವರಿಗೆ ಬಿಸಿಲು, ಮೋಡ, ಮಳೆ ಎಂದರೆ ಸುಲಭ. ಮೊದಲ ವಾರ ಎಲ್ಲರೂ ಐದೇ ತೋರಿಸುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ದಿನಾ ನಾಲ್ಕು ತೋರಿಸುವವನು ಒಂದಕ್ಕೆ ಇಳಿದ ದಿನ ನಿಮಗೆ ಅರ್ಥವಾಗುತ್ತದೆ. ಒಂದು ತೋರಿಸಿದ ಮಗುವನ್ನು ಆವತ್ತು ಊಟದ ಬೆಲ್ಲಿನೊಳಗೆ ಯಾರಾದರೂ ಮಾತಾಡಿಸಲೇಬೇಕು. ಆಗುವುದಿಲ್ಲ ಎನ್ನುವುದಾದರೆ ಬೆರಳು ತೋರಿಸುವ ಆಟವೇ ಬೇಡ.

ಪ್ರಾರ್ಥನೆಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಭಾಷಣ ಮಾಡುವ ಹೊತ್ತಿನಲ್ಲಿ ನೀವು ಗೇಟಿನ ಹತ್ತಿರ ನಿಂತು ತಡವಾಗಿ ಬಂದವರನ್ನು ಹೆಸರು ಹಿಡಿದು ಒಳಗೆ ಕರೆದರೆ ಹೆಚ್ಚು ಉಪಯೋಗ.

ಪ್ರಶ್ನೆ: ಒಂಬತ್ತನೇ ತರಗತಿ ಹುಡುಗ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ‘ನಾನು ಇರೋದೇ ಬೇಡ’ ಅಂತ ಬರೆದಿದ್ದಾನೆ. ಸಹೋದ್ಯೋಗಿಗಳು ‘ಎಲ್ಲ ನಾಟಕ, ತಲೆಗೆ ಹಾಕ್ಕೋಬೇಡಿ’ ಅಂತಾರೆ. ಅಪ್ಪನಿಗೆ ಹೇಳಿದರೆ ಹೊಡೆಯುತ್ತಾರೆ ಅನ್ನೋ ಭಯ ನನಗೆ.
— ಪ್ರೌಢಶಾಲೆ ಮುಖ್ಯ ಶಿಕ್ಷಕಿ, ಹೊಸದುರ್ಗ ತಾಲ್ಲೂಕು

ಮೇಡಂ, ಅದು ನಾಟಕವೋ ನಿಜವೋ ಎಂದು ತೀರ್ಮಾನಿಸುವುದು ಶಾಲೆಯ ಕೆಲಸವಲ್ಲ. ನಿಜ ಎಂದುಕೊಂಡೇ ಹೆಜ್ಜೆ ಇಡಿ, ಅದೂ ಇವತ್ತೇ. ನಾಳೆಯ ಸಭೆಗೆ ಇದನ್ನು ಮುಂದೂಡಬೇಡಿ.

ಹುಡುಗನಿಗೆ ಹೆಚ್ಚು ಸಲುಗೆ ಇರುವ ಶಿಕ್ಷಕರು ಅವನನ್ನು ಗದ್ದಲವಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಲಿ. ಬಾಗಿಲು ತೆರೆದಿರಲಿ. ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನಿಸ್ತಿದೆಯಾ? ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ದೀಯಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೇಳುವವರು ಒಬ್ಬರು ಸಿಕ್ಕರೆಂದು ಮಕ್ಕಳ ಎದೆ ಹಗುರಾಗುವುದೇ ಹೆಚ್ಚು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ‘ನಿನ್ನನ್ನು ಕಾಪಾಡೋಕೆ ಯಾರಿಗೆ ಹೇಳಬೇಕೋ ಅಷ್ಟೇ ಜನಕ್ಕೆ ಹೇಳ್ತೀನಿ’ ಎನ್ನಿ. ‘ಲವ್ವಾ? ಮೊಬೈಲಾ?’ ಎಂದು ಕಾರಣ ಕೆದಕಬೇಡಿ. ತಾಯಿ ಮೇಲೆ, ದೇವರ ಮೇಲೆ ಆಣೆ ಮಾಡಿಸಿ ಕಳಿಸಬೇಡಿ. ಆಣೆ ಮಾಡಿದ ಹುಡುಗ ಮುಂದಿನ ಸಲ ಹೇಳುವುದನ್ನೇ ನಿಲ್ಲಿಸುತ್ತಾನೆ.

ಮನೆಯವರು ಬರುವ ತನಕ ಅವನನ್ನು ಒಬ್ಬನೇ ಬಿಡಬೇಡಿ, ಶೌಚಾಲಯದ ಬಾಗಿಲ ತನಕವೂ ಒಬ್ಬರು ಹೋಗಲಿ. ಅವನ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುವುದಂತೂ ಬೇಡವೇ ಬೇಡ. ಅಪ್ಪ ಹೊಡೆಯುತ್ತಾರೆ ಎಂದಿದ್ದೀರಿ. ಹಾಗಾದರೆ ಅಮ್ಮನನ್ನೋ, ಸೋದರಮಾವನನ್ನೋ, ಅಜ್ಜಿಯನ್ನೋ ಮೊದಲು ಕರೆಸಿ. ಯಾರನ್ನು ಕರೆಯಲಿ ಎಂದು ಅವನನ್ನೇ ಕೇಳಿದರೂ ಸರಿ. ಮನೆಗೆ ಕಳಿಸುವುದೇ ಅಪಾಯ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಂದವರಿಗೆ ಹೇಳಬೇಕಾದ್ದು ಎರಡು. ಬೈಗುಳ, ಹೊಡೆತ ಈಗ ಬೇಡ. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕ, ಉಳಿದ ಮಾತ್ರೆಗಳು ಇವತ್ತೇ ಮನೆ ಬಿಟ್ಟು ಬೇರೆಯವರ ವಶಕ್ಕೆ ಹೋಗಬೇಕು. ಅಟ್ಟದ ಮೇಲೆ ಇಡುತ್ತೇವೆ, ಪಂಪ್‌ಸೆಟ್ ಮನೆಯಲ್ಲಿಡುತ್ತೇವೆ ಎಂದರೆ ಸಾಲದು. ಆ ಜಾಗಗಳು ಅವನಿಗೂ ಗೊತ್ತು.

ಹೇಗೆ, ಯಾವಾಗ ಎನ್ನುವುದಕ್ಕೆ ಅವನಲ್ಲಿ ಉತ್ತರ ಇದ್ದರೆ ಆವತ್ತೇ ಮನೆಯವರ ಜೊತೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಬೇಕು. ತುರ್ತು ಇದ್ದರೆ 108 ಅಥವಾ 112. ಯೋಚನೆ ಮಾತ್ರ ಇದೆ ಎಂದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಶಾಲೆಯಿಂದಲೇ ಕರೆ ಮಾಡಿ. ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಶಿಕ್ಷಕರೂ ಸಲಹೆ ಕೇಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಈಗಲೇ ಕೇಳಿ ಗೋಡೆಗೆ ಬರೆದುಕೊಳ್ಳಿ. ಪೊಲೀಸ್ ಕೇಸ್ ಆಗುತ್ತದೆಂದು ಕೆಲವು ಮನೆಯವರು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳಿ.

ಒಂದು ಪುಟದಲ್ಲಿ ಬರೆದಿಡಿ: ದಿನಾಂಕ, ಸಮಯ, ಹುಡುಗ ಹೇಳಿದ್ದು ಅವನದೇ ಮಾತಿನಲ್ಲಿ, ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಿದಿರಿ. ಅದು ನಿಮ್ಮ ಬೀಗದೊಳಗಿರಲಿ. ವಾಪಸು ಬಂದ ದಿನ ಅವನನ್ನು ಯಾರು ಎದುರುಗೊಳ್ಳುತ್ತಾರೆ ಎಂದು ಮೊದಲೇ ಗೊತ್ತು ಮಾಡಿ. ಒಂದು ವಾರಕ್ಕೆ, ಮತ್ತೆ ಒಂದು ತಿಂಗಳಿಗೆ ಮರೆಯದೆ ವಿಚಾರಿಸಿ, ಹುಡುಗ ನಗುನಗುತ್ತಾ ಓಡಾಡಿಕೊಂಡಿದ್ದರೂ ಸರಿ.

ಇದೇ ಕಾಳಜಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನಕ್ಕೂ ಬೇಕು. ಯಾರು ಕುಸಿಯಬಹುದು ಎಂಬ ಅಂದಾಜು ನಿಮಗಿರುತ್ತದೆ. ಆ ಮನೆಗಳಿಗೆ ಫಲಿತಾಂಶಕ್ಕೆ ಮುಂಚೆಯೇ ಫೋನ್ ಮಾಡಿ, ಪರೀಕ್ಷೆ–1ರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ ಎಂದು ಮಗುವಿಗೂ ಅಪ್ಪ ಅಮ್ಮನಿಗೂ ಒಟ್ಟಿಗೆ ಹೇಳಿ.

ಪ್ರಶ್ನೆ: ನಮ್ಮ ತಾಂಡಾದಿಂದ ಕಾಫಿ ಕೊಯ್ಲಿಗೆ ಹೋದ ಮನೆಗಳ ಮಕ್ಕಳು ಎರಡು ಮೂರು ತಿಂಗಳು ಬಿಟ್ಟು ಬರ್ತಾವೆ. ಬಂದ ಮೇಲೆ ಯಾರ ಜೊತೇನೂ ಸೇರಲ್ಲ, ಹದಿನೈದು ದಿನಕ್ಕೆ ಶಾಲೆ ಬಿಡ್ತಾವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಏನು ಮಾಡಬಹುದು?
— ಎಸ್‌ಡಿಎಂಸಿ ಸದಸ್ಯರು, ಚನ್ನಗಿರಿ ತಾಲ್ಲೂಕು

ಗುಳೆ ಹೋಗುವ ಮುಂಚೆ ಅರ್ಧ ಕೆಲಸ, ಬಂದ ಮೇಲೆ ಅರ್ಧ. ಹೋಗುವ ಮುಂಚೆ ಮಗುವಿನ ಸ್ಯಾಟ್ಸ್ ಸಂಖ್ಯೆ, ತರಗತಿ, ಮುಖ್ಯ ಶಿಕ್ಷಕರ ಫೋನ್ ನಂಬರ್ ಒಂದು ರಟ್ಟಿನ ಮೇಲೆ ಬರೆದು ತಾಯಿಯ ಕೈಗೆ ಕೊಡಿ. ತೋಟದ ಹತ್ತಿರದ ಸರ್ಕಾರಿ ಶಾಲೆ ಆ ಮಗುವನ್ನು ಸೇರಿಸಿಕೊಳ್ಳಲೇಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ಅಜ್ಜಿಯ ಹತ್ತಿರ ಉಳಿದ ಮಕ್ಕಳನ್ನು ಮರೆಯಬೇಡಿ. ಇವರು ಶಾಲೆಗೇನೋ ಬರುತ್ತಾರೆ, ಆದರೆ ಮನಸ್ಸು ಇಲ್ಲಿರುವುದಿಲ್ಲ. ಶನಿವಾರ ಶಾಲೆಯ ಫೋನಿನಿಂದ ಐದು ನಿಮಿಷ ಅಪ್ಪ ಅಮ್ಮನ ಜೊತೆ ಮಾತಾಡಿಸಿದರೆ ವಾರವೆಲ್ಲ ಹೇಗೋ ಕಳೆಯುತ್ತಾರೆ.

ವಾಪಸು ಬಂದ ದಿನ ‘ಎದ್ದು ನಿಂತ್ಕೋ, ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಎನ್ನುವ ಪ್ರಶ್ನೆಯೇ ಮಗು ಶಾಲೆ ಬಿಡುವುದಕ್ಕೆ ಮೊದಲ ಕಾರಣ. ಅವನು ಕೂರುತ್ತಿದ್ದ ಜಾಗ ಹಾಗೇ ಇರಲಿ. ಅವನಿಲ್ಲದಾಗ ನಡೆದ ಪಾಠದ ಮುಖ್ಯಾಂಶಗಳನ್ನು ಒಬ್ಬ ಗೆಳೆಯ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಲಿ. ಮೊದಲ ವಾರ ಪರೀಕ್ಷೆಗೆ ಕೂರಿಸಬೇಡಿ. ಮುಂದಿನ ಎರಡು ವಾರ ದಿನಕ್ಕೆ ಅರ್ಧ ಗಂಟೆ ಕನ್ನಡ, ಗಣಿತ ಮಾತ್ರ ಹಿಡಿಯಿರಿ. ಎಲ್ಲ ವಿಷಯವನ್ನೂ ಒಟ್ಟಿಗೆ ತುಂಬಲು ಹೋದಾಗಲೇ ಮಗು ಕೈಚೆಲ್ಲುವುದು.

ಆಟದ ಪೀರಿಯಡ್ಡಿನಲ್ಲಿ ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ನಿಲ್ಲಿಸಿ. ಕೊನೆಗೆ ಉಳಿಯುವವನು ಯಾವಾಗಲೂ ಹೊಸಬ ಅಥವಾ ವಾಪಸು ಬಂದವ. ‘ಒಂದು, ಎರಡು’ ಎಂದು ಎಣಿಸಿ ತಂಡ ಮಾಡಿ. ಚಿಕ್ಕ ಮಕ್ಕಳು ಬೇಸರ, ಭಯವನ್ನು ಮೊದಲು ಲಂಬಾಣಿಯಲ್ಲೇ ಹೇಳಲಿ. ಕನ್ನಡದಲ್ಲೇ ಹೇಳು ಎಂದರೆ ಹೇಳದೆ ಉಳಿಯುತ್ತಾರೆ. ತಾಂಡಾದವರಾದ ನಿಮ್ಮಂಥ ಸದಸ್ಯರು ವಾರಕ್ಕೊಮ್ಮೆ ಶಾಲೆಯಲ್ಲಿ ಕಾಣಿಸಿಕೊಂಡರೆ ಅದೂ ದೊಡ್ಡ ಬಲ. ನವೆಂಬರಿನಿಂದ ಜನವರಿ ನಡುವೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಗುಳೆ ಮಕ್ಕಳ ವಸತಿ, ಊಟದ ಬೇಡಿಕೆಯನ್ನು ಅಲ್ಲಿ ಮಕ್ಕಳಿಂದಲೇ ಇಡಿಸಿ, ನಡಾವಳಿಯಲ್ಲಿ ಬರೆಸಿ.

ಪ್ರಶ್ನೆ: ಗೊಲ್ಲರಹಟ್ಟಿಯಿಂದ ಬರುವ ಏಳು, ಎಂಟನೇ ತರಗತಿ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಬರುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.
— ಸಹಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಮುಟ್ಟಿನ ದಿನಗಳಲ್ಲಿ ಹಟ್ಟಿಯ ಹೊರಗಿರುವ ಪದ್ಧತಿಯನ್ನು ಹುಡುಗಿಯರಿಗೆ ಪಾಠ ಹೇಳಿ ನಿಲ್ಲಿಸಲು ಹೋಗಬೇಡಿ. ಮನೆಗೂ ಶಾಲೆಗೂ ನಡುವೆ ಸಿಕ್ಕಿ ನಲುಗುವವಳು ಅವಳೇ. ಹಟ್ಟಿಯ ಹಿರಿಯರನ್ನು, ತಾಯಂದಿರನ್ನು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಜೊತೆ ಹೋಗಿ ಕಂಡು ಒಂದೇ ಒಂದು ಕೇಳಿ: ‘ಆ ದಿನಗಳಲ್ಲಿ ಹೊರಗಿದ್ದರೂ ಶಾಲೆಗೆ ಮಾತ್ರ ಕಳಿಸಿ.’ ಚಿಕ್ಕ ಬೇಡಿಕೆಗೆ ಒಪ್ಪಿಗೆ ಸಿಗುತ್ತದೆ, ದೊಡ್ಡದು ಆಮೇಲೆ. ಅವಳು ರಾತ್ರಿ ಮಲಗುವ ಜಾಗಕ್ಕೆ ಬಾಗಿಲು, ದೀಪ ಇಲ್ಲವೆಂದು ಗೊತ್ತಾದರೆ ಮಾತ್ರ ಕಾಯಬೇಡಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಗಮನಕ್ಕೆ ತನ್ನಿ.

ಕಳಿಸಿದರೆ ಶಾಲೆ ಸಿದ್ಧವಿದೆಯೇ? ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಬಕೆಟ್ ತುಂಬ ನೀರು, ಮುಚ್ಚಳದ ಡಬ್ಬಿ, ಒಂದು ಮೊಳೆ (ಬಟ್ಟೆ, ಚೀಲ ನೇತು ಹಾಕಲು, ಎಲ್ಲರೂ ಮರೆಯುವುದು ಇದನ್ನೇ). ಪ್ಯಾಡ್‌ಗಳು ಮುಖ್ಯ ಶಿಕ್ಷಕರ ಕೊಠಡಿಯಲ್ಲಿದ್ದರೆ ಯಾವ ಹುಡುಗಿಯೂ ಕೇಳುವುದಿಲ್ಲ. ನಿಮ್ಮ ತರಗತಿಯ ಕಪಾಟಿನಲ್ಲಿಟ್ಟು, ಕೇಳದೆ ತೆಗೆದುಕೊಳ್ಳಿ ಎನ್ನಿ. ಹಾಜರಿ ಕರೆಯುವಾಗ ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಯಾವ ಮಗುವನ್ನೂ ಎಲ್ಲರೆದುರು ಕೇಳಬೇಡಿ. ಹುಡುಗರ ಗೇಲಿಗೆ ಮುಖ್ಯ ಶಿಕ್ಷಕರೇ ಹುಡುಗರೊಂದಿಗೆ ಬೇರೆ ಕೂತು ಮುಟ್ಟೆಂದರೇನೆಂದು ಇಪ್ಪತ್ತು ನಿಮಿಷ ನೇರವಾಗಿ ಹೇಳಲಿ. ಗೊತ್ತಿಲ್ಲದಿರುವಿಕೆಯೇ ಗೇಲಿಯ ಮುಕ್ಕಾಲು ಪಾಲು.

ಪ್ರಶ್ನೆ: ದೂರು ಪೆಟ್ಟಿಗೆ ಇಟ್ಟಿದ್ದೇವೆ. ಬರೀ ಚಾಡಿ ಚೀಟಿ ಬರುತ್ತವೆ. ತೆಗೆದುಬಿಡೋಣವೇ?
— ಖಾಸಗಿ ಶಾಲೆಯ ಪ್ರಾಂಶುಪಾಲರು, ದಾವಣಗೆರೆ ನಗರ

ತೆಗೆಯಬೇಡಿ, ಜಾಗ ಬದಲಿಸಿ. ಆಫೀಸಿನ ಎದುರು, ಸಿಸಿಟಿವಿ ಕೆಳಗೆ ಇರುವ ಪೆಟ್ಟಿಗೆಗೆ ನಿಜವಾದ ದೂರು ಬೀಳುವುದಿಲ್ಲ. ಕುಡಿಯುವ ನೀರಿನ ನಲ್ಲಿಯ ಹತ್ತಿರ, ಒಂದನೇ ತರಗತಿ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿರಲಿ. ವಾರಕ್ಕೊಮ್ಮೆ ಗೊತ್ತಾದ ದಿನ ಇಬ್ಬರು ಸೇರಿ ತೆರೆಯಿರಿ, ಒಬ್ಬರು ಪೋಷಕರ ಕಡೆಯವರಾಗಿರಲಿ. ‘ನಲ್ಲಿಯ ಹತ್ತಿರ ತಳ್ಳಾಟದ ಬಗ್ಗೆ ಮೂರು ಚೀಟಿ ಬಂದಿದ್ದವು, ಇನ್ನು ಊಟದ ಬಿಡುವಿನಲ್ಲಿ ಒಬ್ಬ ಶಿಕ್ಷಕರು ಅಲ್ಲಿರುತ್ತಾರೆ’ ಎಂದು ಫಲಕದಲ್ಲಿ ಬರೆಯಿರಿ. ಚೀಟಿಗೆ ಬೆಲೆಯಿದೆ ಎಂದು ಕಂಡ ಮೇಲೆ ಚಾಡಿ ತಾನಾಗಿ ಕಡಿಮೆಯಾಗುತ್ತದೆ. ಅಕ್ಷರ ನೋಡಿ ಯಾರು ಬರೆದರೆಂದು ಹುಡುಕಿದ ದಿನ ಪೆಟ್ಟಿಗೆ ಸತ್ತಂತೆ.

ಒಂದು ಎಚ್ಚರ. ಲೈಂಗಿಕ ದೌರ್ಜನ್ಯದ ಸುಳಿವು ಒಂದು ಚೀಟಿಯಲ್ಲಿ ಕಂಡರೂ ‘ಮೊದಲು ಒಳಗೇ ವಿಚಾರಿಸೋಣ’ ಎನ್ನುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು, ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಆಡಳಿತ ಮಂಡಳಿಯ ಅನುಮತಿಗೆ ಕಾಯಬೇಡಿ. ಮಗುವಿನಿಂದ ಮತ್ತೆ ಮತ್ತೆ ಹೇಳಿಸಬೇಡಿ, ಆರೋಪಿಯ ಎದುರು ನಿಲ್ಲಿಸಬೇಡಿ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಪೊಲೀಸರು ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂಬ ನಿಯಮವಿದೆ ಎಂದು ಹೆದರಿದ ಪೋಷಕರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಗಣಿತ ಮೇಷ್ಟ್ರು ಚೆನ್ನಾಗಿ ಕಲಿಸುತ್ತಾರೆ, ಆದರೆ ಕೈ ಮುಂದೆ. ಪೋಷಕರೇ ‘ನಾಕು ಬಿಗೀರಿ ಸಾರ್’ ಅಂತಾರೆ.
— ಮುಖ್ಯ ಶಿಕ್ಷಕರು, ಹೊಳಲ್ಕೆರೆ ತಾಲ್ಲೂಕು

ಪೋಷಕರು ಬರೆದುಕೊಟ್ಟರೂ ಹೊಡೆಯುವಂತಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ, ಇಲಾಖಾ ಕ್ರಮಕ್ಕೂ ಅವಕಾಶವಿದೆ. ಕಾನೂನು ಹೇಳಿ ನಿಲ್ಲಿಸಬೇಡಿ. ಅವರು ಯಾವ ಹೊತ್ತಿನಲ್ಲಿ ಕೈ ಎತ್ತುತ್ತಾರೆ ಎಂದು ಒಂದು ವಾರ ಗಮನಿಸಿ. ಊಟದ ನಂತರದ ಪೀರಿಯಡ್ಡು, ಹೋಂವರ್ಕ್ ನೋಡುವ ಹೊತ್ತು, ಇವೆರಡೇ ಆಗಿರುವ ಸಂಭವ ಹೆಚ್ಚು. ಗಣಿತವನ್ನು ಬೆಳಗಿನ ಎರಡನೇ ಪೀರಿಯಡ್ಡಿಗೆ ತನ್ನಿ, ಹೋಂವರ್ಕನ್ನು ಮಕ್ಕಳೇ ಜೋಡಿಯಾಗಿ ತಿದ್ದಿಕೊಳ್ಳಲಿ. ಸಿಟ್ಟು ಬಂದಾಗ ಹಾಜರಿ ಪುಸ್ತಕ ಕೊಟ್ಟು ಒಬ್ಬ ಹುಡುಗನನ್ನು ನಿಮ್ಮಲ್ಲಿಗೆ ಕಳಿಸಲಿ, ನೀವು ಏನೂ ಕೇಳದೆ ಐದು ನಿಮಿಷ ತರಗತಿ ನೋಡಿಕೊಳ್ಳಿ. ಇಷ್ಟರ ಮೇಲೂ ಕೈ ಎತ್ತಿದರೆ ಲಿಖಿತ ನೋಟಿಸು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಪ್ರತಿ. ಸಲುಗೆಯ ಸ್ನೇಹಿತರೆಂದು ಬಿಟ್ಟರೆ ಉಳಿದ ಶಿಕ್ಷಕರೂ ನಿಮ್ಮನ್ನೇ ನೋಡುತ್ತಿರುತ್ತಾರೆ.

ಪ್ರಶ್ನೆ: ಮಗ ಆರನೇ ತರಗತಿಗೆ ಮೊರಾರ್ಜಿ ಶಾಲೆ ಸೇರಿದ್ದಾನೆ. ಫೋನ್ ಮಾಡಿದಾಗೆಲ್ಲ ಅಳ್ತಾನೆ. ವಾಪಸು ಕರ್ಕೊಂಡು ಬರಲೇ?
— ತಾಯಿ, ಹರಿಹರ

ಮೊದಲ ಕೆಲವು ವಾರ ಅಳುವುದು ಸಹಜ, ತಾಯಿ. ಸಂಜೆ ಹೊತ್ತು, ಭಾನುವಾರ ಹೆಚ್ಚು. ಬೇಕೆಂದಾಗ ಫೋನ್ ಮಾಡುವ ಬದಲು ವಾರದಲ್ಲಿ ಎರಡು ದಿನ ಗೊತ್ತಾದ ಹೊತ್ತಿಗೆ ಮಾಡಿ. ‘ಮುಂದಿನ ವಾರ ಕರ್ಕೊಂಡು ಬರ್ತೀನಿ’ ಎಂದು ಸಮಾಧಾನಕ್ಕೆ ಹೇಳಬೇಡಿ, ಅವನು ದಿನ ಎಣಿಸುತ್ತಾನೆ. ನಿಲಯಪಾಲಕರಿಗೆ ಹೇಳಿ ಅದೇ ಕಡೆಯ ಊರಿನ ಏಳನೇ ತರಗತಿ ಹುಡುಗನ ಪಕ್ಕ ಮಲಗಲು ಜಾಗ ಕೊಡಿಸಿ. ಆದರೆ ಊಟ ಬಿಟ್ಟಿದ್ದರೆ, ಹೊಸದಾಗಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದರೆ, ಒಬ್ಬರ ಹೆಸರು ಕೇಳಿದರೆ ಹೆದರಿದರೆ, ಒಂದೂವರೆ ತಿಂಗಳಾದರೂ ಅಳು ಇಳಿಯದಿದ್ದರೆ ಅದನ್ನು ಮನೆಯ ನೆನಪು ಎಂದು ತಳ್ಳಿಹಾಕಬೇಡಿ. ಹೋಗಿ, ಒಬ್ಬನನ್ನೇ ಹೊರಗೆ ಕರೆದು, ಅವಸರವಿಲ್ಲದೆ ಮಾತಾಡಿಸಿ.

ಪ್ರಶ್ನೆ: ಹತ್ತನೇ ತರಗತಿ ಹುಡುಗಿಗೆ ಗುಟ್ಟಾಗಿ ಮದುವೆ ಗೊತ್ತಾಗಿದೆ ಎಂಬ ಸುದ್ದಿ. ನಾನು ಅದೇ ಊರಿನವಳು, ಹೆಸರು ಹೊರಗೆ ಬಂದರೆ ಕಷ್ಟ.
— ಶಿಕ್ಷಕಿ, ಮೊಳಕಾಲ್ಮುರು ತಾಲ್ಲೂಕು

1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇರುತ್ತದೆ, ನಿಮ್ಮ ಹೆಸರು ಗುಟ್ಟಾಗಿಡುತ್ತಾರೆ. ಹುಡುಗಿಯ ಹೆಸರು, ವಯಸ್ಸು, ಊರು, ಮದುವೆಯ ಜಾಗ, ದಿನ, ಗೊತ್ತಿದ್ದಷ್ಟು ಹೇಳಿ. ಹುಟ್ಟಿದ ದಿನಾಂಕ ಶಾಲೆಯ ದಾಖಲಾತಿ ಪುಸ್ತಕದಲ್ಲಿರುವುದರಿಂದ ಮುಖ್ಯ ಶಿಕ್ಷಕರು ಅಧಿಕಾರಿಗಳಿಗೆ ಅದರ ಪ್ರತಿ ಸಿದ್ಧವಿಟ್ಟುಕೊಳ್ಳಲಿ. ಲಗ್ನಪತ್ರಿಕೆ ಹಂಚುವ ಮುಂಚೆ ತಿಳಿಸಿದರೆ ಮನೆಯವರ ಮರ್ಯಾದೆಯೂ ಉಳಿಯುತ್ತದೆ, ಮಾತುಕತೆಯೂ ಸುಲಭ. ‘ತಾಳಿ ಕಟ್ಟಿದರೆ ಮುಗಿಯಿತು’ ಎನ್ನುವವರಿಗೆ, 2016ರ ಕರ್ನಾಟಕ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ತಿಳಿಸಿ. ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ಎಲ್ಲರೂ ವಿಚಾರಿಸುವುದು ಬೇಡ.

ಮದುವೆ ನಿಂತ ಮೇಲೆ ಅವಳನ್ನು ಮನೆಯವರು ಶಾಲೆ ಬಿಡಿಸುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಮುಂದಿನ ಸೋಮವಾರ ಅವಳು ಬಂದಳೇ ಎಂದು ನೋಡಿ. ಬಾರದಿದ್ದರೆ ಆವತ್ತೇ ಸಿಡಿಪಿಒ ಕಚೇರಿಗೆ ತಿಳಿಸಿ.